ಸಮುದ್ರವಿಲ್ಲದ ಭೂಮಿ

ಫೆಬ್ರವರಿ 9

ಪ್ರೀತಿಯ ಅಣ್ಣಾ,

ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ ಅಂತ ಅತ್ತಿಗೆಯ ಕೈಲಿ ಬೈಸಬೇಡ. ಚರ್ಚಿನ ಶಾಲೆಯಲ್ಲಿ ಪರೀಕ್ಷೆ, ಅದರ ನಡುವೆ ನನ್ನ ಹಲ್ಲುನೋವು. ಕೊನೆಗೆ ಹಲ್ಲು ಕೀಳಿಸಿಬಿಟ್ಟೆ. ಈಗ ಬಲಗಡೆಯಿಂದ ಅಗಿಯುತ್ತೇನೆ, ಎಡಗಡೆಯಿಂದ ಮಕ್ಕಳನ್ನು ಗದರುತ್ತೇನೆ.

ಎಷ್ಟಾದರೂ ನೀನೂ ಪಾದ್ರಿ, ನಿನ್ನ ಹತ್ತಿರ ಒಂದು ವಿಷಯ ಕೇಳಬೇಕಿತ್ತು. ಭಾನುವಾರ ಆರಾಧನೆ ಮುಗಿದ ಮೇಲೆ ಬಂದರಿನ ಹೆಂಗಸರಿಗೆ ಸತ್ಯವೇದ ಓದಿಸುತ್ತೇನಲ್ಲ, ಈಗ ಲೋಕದ ಕೊನೆಯ ಬಗ್ಗೆ ಯೋಹಾನ ಕಂಡ ದರ್ಶನಗಳು ನಡೆಯುತ್ತಿವೆ. ಹೊಸದಾಗಿ ಬಂದ ನಮ್ಮ ಪಾದ್ರಿಗಳು ಅದಕ್ಕೆಂದೇ ಗೋಡೆಯಗಲದ ನಕ್ಷೆಯೊಂದನ್ನು ತೂಗುಹಾಕಿದ್ದಾರೆ. ಏಳು ತಲೆಯ ಮೃಗ, ಹತ್ತು ಕೊಂಬು, ಪ್ರತಿ ಕೊಂಬಿನ ಕೆಳಗೂ ಒಂದೊಂದು ರಾಜ್ಯದ ಹೆಸರು, ಎಲ್ಲ ಕಡೆ ಬಾಣದ ಗುರುತು. ತುದಿಯಲ್ಲಿ ಹೊಸ ಆಕಾಶ, ಹೊಸ ಭೂಮಿ. ಅಲ್ಲಿ ಇನ್ನು ಸಮುದ್ರವಿರುವುದಿಲ್ಲ ಎಂದು ಬರೆದಿದೆಯಲ್ಲ, ಅದಕ್ಕೆ ಇವರು ಅಷ್ಟಕ್ಕೂ ಹಸಿರು ಬಳಿದಿದ್ದಾರೆ. ನಾನು ಅವರನ್ನು ಮನಸ್ಸಿನಲ್ಲೇ ನಕ್ಷೆಯ್ಯನವರು ಅಂತ ಕರೆಯುತ್ತೇನೆ. ಬಾಯಿತಪ್ಪಿ ಎದುರಿಗೆ ಅಂದುಬಿಡುತ್ತೇನೇನೋ ಅಂತ ಭಯ.

ತರಗತಿಯಲ್ಲಿ ಬಲೆಯಕ್ಕ ಅಂತ ಒಬ್ಬಳಿದ್ದಾಳೆ. ಹರಿದ ಬಲೆ ಹೆಣೆದುಕೊಡುವ ಕೆಲಸ. ಹೋದ ವರ್ಷ ಅವಳ ಗಂಡ ದೋಣಿ ತೆಗೆದುಕೊಂಡು ಹೋದವನು ತಿರುಗಿ ಬರಲಿಲ್ಲ. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಅವಳು ನಕ್ಷೆಯ ಮುಂದೆ ನಿಂತು ಕೇಳಿದಳು: "ಅಯ್ಯನವರೇ, ಸಮುದ್ರಾನೇ ಇಲ್ಲ ಅಂದ್ರೆ ಕೊನೇ ದಿನ ನಮ್ಮೋರು ಎಲ್ಲಿಂದ ಎದ್ದು ಬರ್ತಾರೆ?" ಪಾದ್ರಿಗಳು, "ಇಲ್ಲಿ ಸಮುದ್ರ ಅಂದ್ರೆ ನೀರಲ್ಲಮ್ಮ, ದೇವರ ಮಾತು ಕೇಳದ ಜನಾಂಗಗಳು" ಎಂದರು. ಹೊರಗೆ ಬಂದ ಮೇಲೆ ಅವಳು ನನಗೆ ಹೇಳಿದಳು: "ನನ್ ಗಂಡ ಜನಾಂಗದಲ್ಲಿ ಮುಳುಗಲಿಲ್ಲ ಟೀಚರ್, ನೀರಲ್ಲೇ ಮುಳುಗಿದ್ದು."

ನಾನು ಏನು ಹೇಳಲಿ?

ನಿನ್ನ ಗುಬ್ಬಿ


ಫೆಬ್ರವರಿ 20

ಗುಬ್ಬಿ,

ಹಲ್ಲು ಹೋದರೂ ನಾಲಿಗೆ ಉಳಿದಿದೆಯಲ್ಲ, ಊರಿನವರ ಪುಣ್ಯ. ನಕ್ಷೆಯ್ಯನವರು ಅನ್ನುವುದನ್ನು ಓದಿ ನಿನ್ನ ಅತ್ತಿಗೆ ನಕ್ಕು ನಕ್ಕು ಎದ್ದುಹೋದಳು.

ಆದರೆ ಅವರು ಹೇಳಿದ್ದು ತಪ್ಪಲ್ಲ. ಅಪ್ಪ ನಮ್ಮಿಬ್ಬರನ್ನೂ ಕೂರಿಸಿಕೊಂಡು ದಾನಿಯೇಲ ಕಂಡ ನಾಲ್ಕು ಮೃಗಗಳನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆಸುತ್ತಿದ್ದರಲ್ಲ, ಆಗ ಹೇಳಿದ್ದೂ ಇದನ್ನೇ. ಮೃಗಗಳು ಎದ್ದು ಬಂದದ್ದು ಸಮುದ್ರದಿಂದ. ಯೋಹಾನನ ದರ್ಶನದಲ್ಲಿ ದೇವದೂತನೇ ನೀರು ಅಂದರೆ ಜನಗಳು ಎಂದು ಬಿಡಿಸಿ ಹೇಳುತ್ತಾನೆ. ಹಾಗಿರುವಾಗ ಸಮುದ್ರವಿಲ್ಲ ಅಂದರೆ ಮೃಗಗಳನ್ನು ಹೆರುವ ಆ ಗಲಭೆ ಇನ್ನಿಲ್ಲ ಎಂದರ್ಥ. ದರ್ಶನವನ್ನು ದರ್ಶನವಾಗಿಯೇ ಓದಬೇಕು ಮಾರಾಯ್ತಿ, ಅದಕ್ಕೆ ಮೀನಿನ ವಾಸನೆ ಹತ್ತಿಸಬಾರದು.

ಅದಿರಲಿ, ನೀನು ಆ ಹೆಂಗಸರಿಗೆ ಏನು ಹೇಳಿದೆ? ಒಂದೂ ಬಿಡದೆ ಬಿಡಿಸಿ ಬರೆ. ನಾವಿಬ್ಬರೂ ಹೀಗೆ ಜಗಳವಾಡಿ ಎಷ್ಟು ಕಾಲವಾಯಿತು. ಇಲ್ಲಿ ನನ್ನ ಜೊತೆ ವಾದ ಮಾಡುವವರೇ ಇಲ್ಲ. ಎಲ್ಲರೂ ತಲೆ ಆಡಿಸುತ್ತಾರೆ, ಹಿಂದೆ ಹೋಗಿ ಬೇರೆ ಮಾತಾಡುತ್ತಾರೆ.

ನಿನ್ನ ಅಣ್ಣ


ಮಾರ್ಚ್ 6

ಅಣ್ಣಾ,

ಬಿಡಿಸಿ ಬರೆ ಅಂದೆಯಲ್ಲ, ಅನುಭವಿಸು.

ಮೃಗಗಳ ವಿಷಯದಲ್ಲಿ ನಿನ್ನ ಮಾತು ಒಪ್ಪಿದೆ. ಆದರೆ ಈ ದರ್ಶನ ಬಂದದ್ದು ಯಾರಿಗೆ, ಎಲ್ಲಿ ಕೂತಿದ್ದಾಗ? ಗಡೀಪಾರಾಗಿ ದ್ವೀಪದಲ್ಲಿದ್ದ ಮುದುಕನಿಗೆ. ಅವನ ಜನವೆಲ್ಲ ಆಚೆ ದಡದಲ್ಲಿ. ದಿನಾ ಬೆಳಗಾದರೆ ಕಣ್ಣಿಗೆ ಬೀಳುತ್ತಿದ್ದದ್ದು ಅದೊಂದೇ ನೀರು. ಅಂಥವನು ಇನ್ನು ಸಮುದ್ರವಿಲ್ಲ ಅಂದರೆ ನನಗೆ ಕೇಳಿಸುವುದೇ ಬೇರೆ: ಇನ್ನು ಅಗಲಿಕೆ ಇಲ್ಲ. ಇನ್ನೊಂದು, ಅದಕ್ಕಿಂತ ಸ್ವಲ್ಪ ಹಿಂದೆ ಸಮುದ್ರ ತನ್ನೊಳಗಿನ ಸತ್ತವರನ್ನು ಒಪ್ಪಿಸುತ್ತದೆ. ಮೊದಲು ಒಪ್ಪಿಸುತ್ತದೆ, ಆಮೇಲೆ ಇಲ್ಲವಾಗುತ್ತದೆ. ಹೆಂಗಸರಿಗೆ ನಾನು ಹೇಳಿದ್ದು ಇಷ್ಟೇ: ಒಬ್ಬರನ್ನೂ ಇಟ್ಟುಕೊಂಡು ಹೋಗಲು ಅದಕ್ಕೆ ಅಪ್ಪಣೆಯಿಲ್ಲ. ಕೆಲವರು ಅಳತೊಡಗಿದರು. ಐಸ್ ಕಾರ್ಖಾನೆಯ ಮುದುಕಿಯೊಬ್ಬಳು ಮಾತ್ರ, "ಹಂಗಾದ್ರೆ ನಂಗೆ ಇಬ್ರು ಗಂಡಂದಿರೂ ಒಟ್ಟಿಗೇ ಬರ್ತಾರಲ್ಲ, ಗತಿಯೇನು?" ಅಂದಳು. ಅಳುತ್ತಿದ್ದವರೂ ನಕ್ಕರು.

ಇನ್ನೊಂದು ಸುದ್ದಿ, ಬೈಯಬೇಡ. ನಮ್ಮ ಚರ್ಚಿನ ಗೋಡೆಯಲ್ಲಿ ಸಮುದ್ರದಲ್ಲಿ ತೀರಿಕೊಂಡವರ ಹೆಸರಿನ ಹಲಗೆಯಿದೆ. ಬಲೆಯಕ್ಕನ ಗಂಡನ ಹೆಸರು ಬರೆಯಲು ನಕ್ಷೆಯ್ಯನವರು ಒಪ್ಪಲಿಲ್ಲ. ಎಷ್ಟೋ ವರ್ಷದಿಂದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಪ್ರಭುಭೋಜನಕ್ಕೆ ಬಂದವನಲ್ಲವಂತೆ. ಅದಕ್ಕೇ ನಾವು ಹೆಂಗಸರೆಲ್ಲ ಬಂದರಿನ ಕಟ್ಟೆಯ ತುದಿಗೆ ಹೋಗಿ ಹಲಗೆಯ ಹೆಸರುಗಳನ್ನೆಲ್ಲ ಗಟ್ಟಿಯಾಗಿ ಓದಿ, ಕೊನೆಗೆ ಅವನದನ್ನೂ ಸೇರಿಸಿದೆವು. ಆ ವಾರದಲ್ಲೇ ದೋಣಿಗೆ ಬಣ್ಣ ಹಚ್ಚುವವನು ಯಾರನ್ನೂ ಕೇಳದೆ ಚರ್ಚಿಗೆ ಹೋಗಿ ಹಲಗೆಯಲ್ಲಿ ಹೆಸರು ಬರೆದು ಬಂದಿದ್ದಾನೆ. ಪಾದ್ರಿಗಳು ನನ್ನನ್ನು ಮಾತಾಡಿಸುವುದು ಬಿಟ್ಟಿದ್ದಾರೆ.

ನಿನ್ನ ಗುಬ್ಬಿ


ಮಾರ್ಚ್ 15

ಗುಬ್ಬಿ,

ದ್ವೀಪದ ಮಾತು ನನಗೆ ಹೊಳೆದೇ ಇರಲಿಲ್ಲ. ಅಪ್ಪ ಇದ್ದಿದ್ದರೆ ನಿನ್ನ ಬೆನ್ನು ತಟ್ಟಿ, ಆಮೇಲೆ ನಾಲ್ಕು ದಿನ ಕೂತು ಅದನ್ನು ಖಂಡಿಸುತ್ತಿದ್ದರು. ಕಟ್ಟೆಯ ಮೇಲೆ ಹೆಸರು ಓದಿದ್ದು ಮಾತ್ರ ದುಡುಕು. ಪಾದ್ರಿಗೆ ಮುಖ ಉಳಿಯಬೇಕಲ್ಲ.

ಆದರೆ ನಿನ್ನ ಕಾಗದ ಮತ್ತೆ ಓದಿದಾಗ ಒಂದು ಅನುಮಾನ ಬಂತು. ಗಂಡನನ್ನು ಕಳೆದುಕೊಂಡವರು ಅಲ್ಲಿ ಎಷ್ಟೋ ಜನ ಇದ್ದಾರೆ. ಈ ಒಬ್ಬಳ ಪ್ರಶ್ನೆಯೇ ನಿನ್ನನ್ನು ಇಷ್ಟು ಕಾಡುತ್ತಿದೆ ಅಂದರೆ ಏನೋ ಇದೆ, ನೀನು ಬರೆಯುತ್ತಿಲ್ಲ. ಸಂಗತಿ ಗೊತ್ತಿಲ್ಲದೆ ನಾನು ಸರಿಯಾದ ಉತ್ತರ ಹೇಗೆ ಹುಡುಕಿಕೊಡಲಿ? ಜನರ ಗುಟ್ಟು ಕೇಳಿ ಕೇಳಿ ನನ್ನ ಕಿವಿ ಹಾಳುಬಾವಿಯಾಗಿದೆ, ಬಿದ್ದದ್ದು ಮೇಲೆ ಬರುವುದಿಲ್ಲ.

ಈ ತಿಂಗಳು ಚರ್ಚಿನ ಕೇಂದ್ರ ಕಚೇರಿಯಲ್ಲಿ ಮೀಟಿಂಗಿನ ಮೇಲೆ ಮೀಟಿಂಗು. ಆದರೂ ನಿನ್ನ ಕಾಗದ ಬಂದ ದಿನವೇ ಓದುತ್ತೇನೆ. ಬೇಗ ಬರೆ.

ಅಣ್ಣ


ಮಾರ್ಚ್ 29

ಅಣ್ಣಾ,

ಇದನ್ನು ಬರೆಯಬೇಕೋ ಬೇಡವೋ ಅಂತ ಹತ್ತು ದಿನ ಒದ್ದಾಡಿದೆ. ಅಪ್ಪ ಹೋದ ಮೇಲೆ ಇಂಥದ್ದನ್ನು ಕೇಳಲು ನನಗೆ ನಿನ್ನನ್ನು ಬಿಟ್ಟು ಬೇರೆ ಯಾರಿದ್ದಾರೆ?

ಬಲೆಯಕ್ಕನ ಗಂಡನ ಬಲಗೈ ದೋಣಿಯ ಎಂಜಿನ್ನಿಗೆ ಸಿಕ್ಕಿ ಬೆರಳುಗಳು ಹೋಗಿದ್ದವಂತೆ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದವನು ತಿಂಗಳುಗಟ್ಟಲೆ ಏಳಲಿಲ್ಲ. ಒಂದು ಬೆಳಿಗ್ಗೆ ಎದ್ದು ಕ್ಷೌರ ಮಾಡಿಕೊಂಡ. ಇವಳಿಗೆ ಸಂತೋಷವಾಯಿತು. "ದೋಣಿ ನೋಡ್ಕೊಂಡು ಬರ್ತೀನಿ, ಬಾಗಿಲು ಹಾಕ್ಕೋ" ಅಂದನಂತೆ. ಆ ದಿನ ಗಾಳಿಯಿಲ್ಲ, ಅಲೆಯಿಲ್ಲ, ನೀರು ಕನ್ನಡಿಯ ಹಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಇವಳು ಗೋಡೆಯ ಗೂಡಿನಲ್ಲಿ ನೋಡಿದರೆ ವಾಚು, ಮದುವೆಯ ಉಂಗುರ, ಕೆಳಗೆ ಜೋಡಿಸಿಟ್ಟ ಚಪ್ಪಲಿ. ಇವಳು ಅವನ್ನೆಲ್ಲ ಅಡಗಿಸಿಟ್ಟು, ಬಲೆ ಎತ್ತಲು ಹೋದವನು ಬರಲಿಲ್ಲ ಅಂತ ಎಲ್ಲರಿಗೂ ಹೇಳಿದಳು. ಇದುವರೆಗೆ ಯಾರಿಗೂ ಗೊತ್ತಿಲ್ಲ. ನನಗೆ ಹೇಳಿದ್ದು ಶಾಲೆಯ ಸಾಮಾನಿನ ಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿ.

"ತಾನಾಗೇ ಹೋದವರನ್ನೂ ಅದು ಒಪ್ಪಿಸುತ್ತಾ ಟೀಚರ್?" ಅಂದಳು.

ಒಪ್ಪಿಸುತ್ತದೆ ಅಂದೆ. ಯೋಚಿಸಲೂ ಇಲ್ಲ. ಮನೆಗೆ ಬಂದ ಮೇಲೆ ಸತ್ಯವೇದ ತೆಗೆದು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನಾನು ಹೇಳಿದ್ದು ಸರಿಯೇ? ಪಾದ್ರಿಯಾಗಿ ಬೇಡ, ನನ್ನ ಅಣ್ಣನಾಗಿ ಹೇಳು.

ಇದು ನಿನಗೆ ಮಾತ್ರ. ಅತ್ತಿಗೆಗೂ ಓದಬೇಡ. ಓದಿ ಹರಿದುಹಾಕು.

ಗುಬ್ಬಿ


ಏಪ್ರಿಲ್ 30

ಗುಬ್ಬಿ,

ತಡವಾಯಿತು. ಕೆಲಸದ ಒತ್ತಡ. ನಿನ್ನ ಪ್ರಶ್ನೆ ದೊಡ್ಡದು, ಕಾಗದದಲ್ಲಿ ಮುಗಿಯುವಂಥದ್ದಲ್ಲ.

ಕಚೇರಿಯಿಂದ ಯಾರಾದರೂ ಬಂದು ತರಗತಿಯ ಬಗ್ಗೆ ವಿಚಾರಿಸಿದರೆ ತಗ್ಗಿ ಮಾತಾಡು. ವಾದಕ್ಕೆ ಇಳಿಯಬೇಡ, ತಮಾಷೆಯಂತೂ ಬೇಡವೇ ಬೇಡ. ನಾವಿಬ್ಬರೂ ಈ ವಿಷಯ ಬರೆದುಕೊಂಡದ್ದನ್ನು ನೀನಾಗಿ ಎತ್ತುವ ಅಗತ್ಯವಿಲ್ಲ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಆರೋಗ್ಯ ನೋಡಿಕೋ.

ಅಣ್ಣ


ಮೇ 22

ಅಣ್ಣನಿಗೆ,

ನಿನ್ನ ಕಾಗದ ಓದಿ, ಪಾಪ ಕೆಲಸದಲ್ಲಿ ಬಳಲಿದ್ದಾನೆ ಅಂದುಕೊಂಡಿದ್ದೆ.

ನಿನ್ನೆ ಕೇಂದ್ರ ಕಚೇರಿಯ ವಿಚಾರಣಾ ಸಮಿತಿಯ ಮೂವರು ಬಂದರು. ಚರ್ಚಿನೊಳಗೆ ಮೇಜು ಹಾಕಿ ಕೂತರು. ಪಕ್ಕದಲ್ಲಿ ನಮ್ಮ ಪಾದ್ರಿಗಳು. ತರಗತಿಯ ಹೆಂಗಸರನ್ನೆಲ್ಲ ಬರಹೇಳಿ ಬೆಂಚುಗಳ ಮೇಲೆ ಕೂರಿಸಿದ್ದರು. ಅಧ್ಯಕ್ಷರು ವಯಸ್ಸಾದವರು, ಒರಟರಲ್ಲ, ನನಗೆ ಕುರ್ಚಿ ಕೊಡಿಸಿದರು. "ದರ್ಶನಗಳಿಗೆ ನಮ್ಮ ಕ್ರೈಸ್ತ ಸಭೆ ಒಪ್ಪಿದ ಅರ್ಥ ಬಿಟ್ಟು ನೀವೇ ಒಂದು ಅರ್ಥ ಕಲಿಸಿದ್ದೀರಂತೆ" ಎಂದರು. ಹೌದು ಅಂದೆ. ಯೋಹಾನ ಇದ್ದ ದ್ವೀಪದ ಮಾತು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಅದನ್ನು ಹೇಳಿಬಿಟ್ಟರು. ಗಡೀಪಾರಾದ ಮುದುಕ, ಆಚೆ ದಡದ ಜನ. ಎಲ್ಲವೂ ನನ್ನ ಮಾತೇ. ಹುಚ್ಚಿಯ ಹಾಗೆ ನನಗೆ ಮೊದಲು ಸಂತೋಷವಾಯಿತು: ಇವರೂ ಹೀಗೇ ಯೋಚಿಸುತ್ತಾರಲ್ಲ ಅಂತ. ಆಮೇಲೆ ಅವರು, "ನಿಮ್ಮ ಪಾದ್ರಿಗಳನ್ನು ನಕ್ಷೆಯ್ಯನವರು ಅಂತ ಕರೆಯೋದು ಸರಿಯೇನಮ್ಮ?" ಎಂದರು.

ಆ ಹೆಸರನ್ನು ನಾನು ಎಲ್ಲೂ ಬಾಯಿಬಿಟ್ಟು ಹೇಳಿಲ್ಲ. ಆಗ ಮೇಜಿನ ಮೇಲೆ ನೋಡಿದೆ. ನಾನು ನಿನಗೆ ಕಾಗದ ಬರೆದ ನೀಲಿ ಹಾಳೆಗಳು. ಅಂಚಿನಲ್ಲಿ ಕೆಂಪು ಗೀಟು.

ಆಮೇಲೆ ಅವರು ಮಾರ್ಚ್ 29ರ ಕಾಗದ ಎತ್ತಿಕೊಂಡರು. ನಾನು ಎದ್ದು ನಿಂತು, "ಅದೊಂದು ಓದಬೇಡಿ, ಕೈ ಮುಗೀತೀನಿ" ಅಂದೆ. "ಕೂತ್ಕೊಳ್ಳಿ, ಇದು ವಿಚಾರಣೆ" ಎಂದು ಓದಿದರು. ಕ್ಷೌರ, ವಾಚು, ಚಪ್ಪಲಿ, ಒಂದೂ ಬಿಡಲಿಲ್ಲ; ಯಾರಿಗೆ ಬರೆದದ್ದು ಅನ್ನುವುದನ್ನು ಮಾತ್ರ ಹೇಳಲಿಲ್ಲ. ಬಲೆಯಕ್ಕ ಎರಡನೆಯ ಬೆಂಚಿನಲ್ಲಿದ್ದಳು. ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು, ನಡುವಿನ ದಾರಿಯಲ್ಲಿ ಬಾಗಿಲವರೆಗೆ ನಡೆದುಹೋದಳು. ನನ್ನ ಕಡೆ ನೋಡಲಿಲ್ಲ.

ತರಗತಿಯಿಂದಲೂ ಶಾಲೆಯಿಂದಲೂ ನನ್ನನ್ನು ತೆಗೆದ ಆದೇಶದ ಕೆಳಗೆ ಸಮಿತಿಯ ಕಾರ್ಯದರ್ಶಿ ಅಂತ ನಿನ್ನ ಸಹಿಯಿದೆ. ಸಮಿತಿ ರಚನೆಯಾದ ದಿನ ಫೆಬ್ರವರಿ 17 ಅಂತ ಬರೆದಿದೆ. ಬಿಡಿಸಿ ಬರೆ ಅಂತ ನೀನು ಕೇಳಿದ್ದು 20ಕ್ಕೆ.

ಇದು ಸುಳ್ಳು ಅಂತ ಹೇಳು. ನಂಬುತ್ತೇನೆ.


ಜೂನ್ 1

ನನ್ನ ಗುಬ್ಬಿ,

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಒಮ್ಮೆ ನನ್ನ ಮಾತನ್ನೂ ಕೇಳು.

ನೀನು ತರಗತಿಯಲ್ಲಿ ನಿನ್ನದೇ ಅರ್ಥ ಹೇಳುತ್ತೀಯೆಂದು ಜನವರಿಯಲ್ಲೇ ನಿಮ್ಮ ಪಾದ್ರಿ ದೂರು ಕೊಟ್ಟಿದ್ದರು. ಆ ಸಮಿತಿಯಲ್ಲಿ ನಾನಿಲ್ಲದಿದ್ದರೆ ಬೇರೆ ಯಾರೋ ಇರುತ್ತಿದ್ದರು, ನಿನ್ನನ್ನು ಸಭೆಯಿಂದಲೇ ತೆಗೆದುಹಾಕುತ್ತಿದ್ದರು. ನೀನು ಹಟಕ್ಕಲ್ಲ, ಕನಿಕರಕ್ಕೆ ಹೀಗೆ ಕಲಿಸಿದೆ ಅನ್ನುವುದನ್ನು ತೋರಿಸಲು ನನ್ನ ಹತ್ತಿರ ಇದ್ದದ್ದು ನಿನ್ನ ಕಾಗದ ಮಾತ್ರ. ಆ ಹೆಂಗಸಿನ ಸಂಗತಿ ಓದಿದರೆ ಕಲ್ಲೂ ಕರಗುತ್ತದೆ ಅಂದುಕೊಂಡೆ. ಕೆಂಪು ಗೀಟು ಹಾಕಿದ್ದು ನಾನೇ, ನಿನ್ನ ಒಳ್ಳೆಯ ಮನಸ್ಸು ಕಾಣುವ ಕಡೆಗಳಲ್ಲಿ. ಅದನ್ನು ಎಲ್ಲರೆದುರು ಓದುತ್ತಾರೆಂದು ನಾನು ಎಣಿಸಿರಲಿಲ್ಲ. ಈಗ ಆಗಿರುವುದು ತರಗತಿ ಮತ್ತು ಶಾಲೆಯ ಕೆಲಸ ಹೋದದ್ದು, ಅಷ್ಟೇ. ತಪ್ಪು ತಿಳಿವಳಿಕೆಯಿಂದ ಹೀಗಾಯಿತು ಅಂತ ಎರಡು ಸಾಲು ಬರೆದುಕೊಟ್ಟರೆ ಕೆಲಸ ವಾಪಸು ಕೊಡಿಸುತ್ತೇನೆ. ದರ್ಶನಕ್ಕೆ ಅರ್ಥ ಹೇಳುವುದು ಎಂದರೆ ಬೆಂಕಿ ಹಿಡಿದ ಹಾಗೆ ಎಂದು ಅಪ್ಪ ನಮಗೆ ಹೇಳಿರಲಿಲ್ಲವೇ?

ಅಣ್ಣ


ಜೂನ್ 12

ಅಣ್ಣನಿಗೆ,

ಎರಡು ಸಾಲು ಬರೆದುಕೊಡುವುದಿಲ್ಲ. ಶಾಲೆಯ ಆವರಣದ ಕೋಣೆ ಖಾಲಿ ಮಾಡಿದ್ದೇನೆ. ಬಂದರಿನ ಸೈಕಲ್ ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿದೆ.

ನನ್ನ ಕೆಲಸದ ಮಾತು ಬಿಡು. ಹೋದ ಭಾನುವಾರ ಹಲಗೆಯ ಮೇಲಿನ ಅವನ ಹೆಸರಿಗೆ ಕರಿ ಬಣ್ಣ ಬಳಿದರು. ತಾನಾಗಿ ಪ್ರಾಣ ಬಿಟ್ಟವರ ಹೆಸರು ಇರಬಾರದಂತೆ. ಬಲೆಯಕ್ಕನ ಮನೆಯ ಮುಂದೆ ಹೋಗುವಾಗ ಜನ ಮಾತು ನಿಲ್ಲಿಸುತ್ತಾರೆ. ನಾನು ಹೋಗಿ ಬಾಗಿಲು ತಟ್ಟಿದೆ. ಒಳಗಿನಿಂದಲೇ ಕೇಳಿದಳು: "ಸಮಿತಿಗೆ ಬರೆದುಕೊಡೋಕೆ ಇನ್ನೇನಾದ್ರೂ ಬೇಕಿತ್ತಾ ಟೀಚರ್?"

ನಾನೇ ಅದನ್ನು ಸಮಿತಿಗೆ ಬರೆದುಕೊಟ್ಟೆ ಅಂದುಕೊಂಡಿದ್ದಾಳೆ. ನಾನು ಏನು ಹೇಳಿದರೂ ನುಣುಚಿಕೊಳ್ಳುತ್ತಿದ್ದೇನೆ ಅನ್ನಿಸುತ್ತದೆ. ನೀನು ಬಾ. ಅವಳ ಮುಂದೆ ನಿಂತು, ಇದು ಅಣ್ಣ ತಂಗಿಯ ಕಾಗದ, ತಂಗಿ ಬೇಡವೆಂದರೂ ಕೊಟ್ಟವನು ನಾನು ಅಂತ ಹೇಳು. ಬೇರೇನೂ ಬೇಡ. ಆಮೇಲೆ ನಿನ್ನ ಮೇಲೆ ನನಗೆ ಒಂದು ಮಾತೂ ಇರುವುದಿಲ್ಲ.


ಆಗಸ್ಟ್ 3

ಪ್ರೀತಿಯ ತಂಗಿಗೆ,

ಜುಲೈ ಪೂರ್ತಿ ಓಡಾಟ. ನಿನಗೆ ಸುದ್ದಿ ಮುಟ್ಟಿರಬಹುದು, ನನ್ನನ್ನು ಈ ವಲಯದ ಮೇಲ್ವಿಚಾರಕನನ್ನಾಗಿ ನೇಮಿಸಿದ್ದಾರೆ. ನಾನು ಕೇಳಿಕೊಂಡದ್ದಲ್ಲ.

ನೀನು ಹೇಳಿದಂತೆ ಹೋದ ಗುರುವಾರ ಬಂದಿದ್ದೆ. ನಿನ್ನ ಕೋಣೆಗೆ ಬೀಗವಿತ್ತು, ಸೈಕಲ್ ಅಂಗಡಿಯವನು ನೀನು ಕೆಲಸಕ್ಕೆ ಹೋಗಿದ್ದೀಯ ಅಂದ. ಆ ಹೆಂಗಸಿನ ಮನೆಗೆ ಹೋದೆ. ಬಹಳ ಹೊತ್ತು ಮಾತಾಡಿದೆವು. ಕ್ಷಮೆ ಕೇಳಿದೆ. ತುಂಬಾ ಒಳ್ಳೆಯ ಜೀವ, ಕ್ಷಮಿಸಿಬಿಟ್ಟಳು. ಎದ್ದು ಬರುವಾಗ ಇಬ್ಬರೂ ಪ್ರಾರ್ಥನೆ ಮಾಡಿದೆವು. ನನ್ನ ಎದೆಯ ಭಾರ ಇಳಿಯಿತು.

ಇನ್ನಾದರೂ ಮುನಿಸು ಬಿಡು. ಅತ್ತಿಗೆ ನಿನ್ನನ್ನು ದಿನಾ ನೆನೆಯುತ್ತಾಳೆ. ಹೊಸ ಮನೆ ದೊಡ್ಡದು, ನಿನಗೆಂದೇ ಒಂದು ಕೋಣೆ ಬಿಟ್ಟಿದ್ದೇವೆ.

ಅಣ್ಣ


ಆಗಸ್ಟ್ 16

ಅಣ್ಣನಿಗೆ,

ನಿನ್ನ ಕಾಗದ ಓದಿದ ಸಂಜೆ ನಾನು ಅತ್ತದ್ದು ನಿಜ. ಕೊನೆಗೂ ಬಂದನಲ್ಲ ಅಂತ. ಮುಖ ತೊಳೆದುಕೊಂಡು ನೇರ ಬಲೆಯಕ್ಕನ ಮನೆಗೆ ಹೋದೆ. ಈ ಸಲ ಬಾಗಿಲು ತೆರೆದಿತ್ತು. ಬಲೆ ಹರವಿಕೊಂಡು ಕೂತಿದ್ದವಳು ತಲೆ ಎತ್ತಿ, "ಬನ್ನಿ" ಅಂದಳು.

"ನಿಮ್ಮಣ್ಣ ಬಂದಿದ್ರು ಟೀಚರ್. ಎಂಥಾ ಒಳ್ಳೇ ಮನುಷ್ಯರು. ಅಷ್ಟು ದೊಡ್ಡೋರು ಈ ಹೊಸಿಲ ಮೇಲೇ ಕೂತ್ರು. ನೀರು ಕೊಟ್ಟೆ, ಕುಡಿದ್ರು."

"ಏನು ಹೇಳಿದ್ರು?"

"ಸಮುದ್ರ ಅಂದ್ರೇನು, ಮೃಗ ಅಂದ್ರೇನು, ಎಲ್ಲಾ ಬಿಡಿಸಿ ಹೇಳಿದ್ರು. ನಂಗೆ ಅರ್ಧ ತಿಳೀತು. ಆಮೇಲೆ ಕೈ ಮುಗಿದು, 'ನನ್ ತಂಗಿ ದುಡುಕಿನೋಳು, ಮನಸ್ಸು ಕೆಟ್ಟದ್ದಲ್ಲ, ಅವಳ ಪರವಾಗಿ ನಾನು ಕ್ಷಮೆ ಕೇಳ್ತೀನಿ' ಅಂದ್ರು. ಕ್ಷಮಿಸಿದೀನಿ ಅಂದೆ. ಅಂಥೋರ ಮುಖಕ್ಕೆ ಹೊಡೆದ ಹಂಗೆ ಇಲ್ಲ ಅನ್ನೋಕಾಗುತ್ತಾ?"

ಅವಳು ನಿನ್ನನ್ನು ಕ್ಷಮಿಸಿಲ್ಲ ಅಣ್ಣಾ. ನಿನ್ನ ತಪ್ಪು ಅವಳಿಗೆ ಗೊತ್ತೇ ಇಲ್ಲ. ಅಷ್ಟು ದೂರ ಪ್ರಯಾಣ ಮಾಡಿ ಬಂದು, ಹೊಸಿಲ ಮೇಲೆ ಕೂತು, ಅವಳ ಮನೆಯ ನೀರು ಕುಡಿದು, ಇನ್ನೊಂದು ಸಲ ನನ್ನನ್ನು ಒಪ್ಪಿಸಿ ಹೋದೆ. ಸಮಿತಿಗೆ ಕಾಗದ ಕೊಟ್ಟದ್ದನ್ನು ನಾನು ಹೇಗಾದರೂ ನುಂಗಿಕೊಳ್ಳುತ್ತಿದ್ದೆನೇನೋ. ನೀನು ಹೆದರಿದ್ದೆ ಅಂದುಕೊಳ್ಳುತ್ತಿದ್ದೆ. ಇದನ್ನು ನುಂಗಲಾರೆ.

ನಾನೇ ಎಲ್ಲವನ್ನೂ ಹೇಳಿದೆ. ಯಾರಿಗೆ ಬರೆದೆ, ಯಾಕೆ ಬರೆದೆ, ಹರಿದುಹಾಕು ಅಂದದ್ದು, ನೀನು ಕೊಟ್ಟದ್ದು. ಅವಳ ಕೈ ನಿಲ್ಲಲಿಲ್ಲ, ಗಂಟು ಹಾಕುತ್ತಲೇ ಇದ್ದಳು. ಮುಗಿದ ಮೇಲೆ ಹಲ್ಲಿನಲ್ಲಿ ದಾರ ಕಡಿದು ಹೇಳಿದಳು:

"ನೀವು ಬರೆದ್ರಿ. ಅವ್ರು ಕೊಟ್ರು. ಇನ್ನೊಬ್ರು ಓದಿದ್ರು. ಅದು ನನ್ ಗಂಡನ ಮಾತು ಟೀಚರ್. ನನ್ನ ಕೇಳಿದೋರು ಯಾರು?"

ನಿನಗೆ ಬರೆಯುವಾಗ ಅವಳ ಅಪ್ಪಣೆ ಬೇಕು ಅಂತ ನನಗೂ ಹೊಳೆದಿರಲಿಲ್ಲ. ಅವಳ ಗುಟ್ಟನ್ನು ನಾನು ನನ್ನದೇ ಅಂದುಕೊಂಡೆ, ಆಮೇಲೆ ನೀನು ನಿನ್ನದು ಅಂದುಕೊಂಡೆ. ನನ್ನ ಪಾಲಿನದನ್ನು ನಾನು ಹೊರುತ್ತೇನೆ. ನಿನ್ನದನ್ನು ನನ್ನ ತಲೆಗೆ ಕಟ್ಟಿ ಹೋದೆಯಲ್ಲ, ಅದನ್ನು ಅಲ್ಲೇ ಇಳಿಸಿ ಬಂದಿದ್ದೇನೆ.

ನನಗೆ ದಾಟುದೋಣಿಯ ಟಿಕೆಟ್ ಕಿಟಕಿಯಲ್ಲಿ ಕೆಲಸ ಸಿಕ್ಕಿದೆ. ನಿನ್ನ ಹೊಸ ಮನೆಯ ಕೋಣೆಗೆ ಬೇರೆ ಯಾರನ್ನಾದರೂ ಇಟ್ಟುಕೋ. ಮೊನ್ನೆ ಬಲೆಯಕ್ಕ ಸಾಲಿನಲ್ಲಿ ಬಂದು, "ಆಚೆ ದಡಕ್ಕೆ ಒಂದು" ಅಂದಳು. ಬಗ್ಗಿ ನೋಡಿದಳು, ನಾನೆಂದು ಗೊತ್ತಾಯಿತು. ಮಾತಾಡಿಸಲಿಲ್ಲ. ಸಾಲು ಬಿಟ್ಟು ಪಕ್ಕದ ಕಿಟಕಿಗೂ ಹೋಗಲಿಲ್ಲ. ನನ್ನ ಕೈಯಿಂದಲೇ ಚೀಟಿ ತೆಗೆದುಕೊಂಡು ಹೋದಳು. ಸದ್ಯಕ್ಕೆ ನನಗೆ ಅಷ್ಟು ಸಾಕು.

ನಿನಗೆ ಏನಿದ್ದರೆ ಸಾಕಾಗುತ್ತದೋ ನನಗೆ ಗೊತ್ತಿಲ್ಲ. ತಿಳಿದುಕೊಳ್ಳುವ ಆಸೆಯೂ ಉಳಿದಿಲ್ಲ.

ನಿನ್ನ ತಂಗಿ